ಕಾಡುಕೋಳಿಯ ಗರಿ, ಕಾಳಿಯ ಮೀನು

ಕಾಡುಕೋಳಿಯ ಹುಂಜಕ್ಕೆ ಕತ್ತಿನ ಸುತ್ತ ಬೇರೆಯೇ ಬಗೆಯ ಗರಿಗಳಿರುತ್ತವೆ. ಕಪ್ಪು-ಬೂದು ಬಣ್ಣದ ಗರಿಯ ಮೇಲೆ ಮೇಣ ತೊಟ್ಟಿಕ್ಕಿದಂತೆ ಬಿಳಿ-ಹಳದಿ ಚುಕ್ಕೆಗಳು. ದಾಂಡೇಲಿಯಿಂದ ಜೋಯಿಡಾಕ್ಕೆ ಹೋಗುವ ರಸ್ತೆಯಂಚಿನಲ್ಲಿ ಮುಂಜಾನೆ ಈ ಹುಂಜ ಮೇಯುತ್ತಿರುತ್ತದೆ, ವಾಹನದ ಸದ್ದಾದರೆ ಒಂದೇ ಜಿಗಿತಕ್ಕೆ ಬಿದಿರುಮೆಳೆ ಸೇರುತ್ತದೆ. ಅದರ ಕತ್ತಿನ ಗರಿಗೆ ಒಂದು ಕಾಲದಲ್ಲಿ ಸ್ಕಾಟ್ಲೆಂಡಿನ ಹೊಳೆದಂಡೆಗಳಲ್ಲಿ ಭಾರಿ ಬೆಲೆಯಿತ್ತೆಂದರೆ ಇಲ್ಲಿಯ ಎಷ್ಟೋ ಜನ ನಂಬಲಾರರು.

ಸಾಲ್ಮನ್, ಟ್ರೌಟ್ ಮೀನುಗಳನ್ನು ಹಿಡಿಯುವವರು ಗಾಳದ ಕೊಕ್ಕೆಗೆ ಗರಿ, ರೇಷ್ಮೆ ನೂಲು, ಕೂದಲು ಸುತ್ತಿ ಹುಳುವಿನ ವೇಷ ಕಟ್ಟುತ್ತಾರೆ. ಆ ವೇಷದ ಹುಳುವೇ 'ಫ್ಲೈ'. ನೀರಿನೊಳಗೆ ಅದಕ್ಕೊಂದು ಕಣ್ಣು ಇದ್ದಂತೆ ತೋರಿಸಲು, ಪುಟ್ಟ ಕೀಟದ ರೆಕ್ಕೆಯಂತೆ ತೋರಿಸಲು ದಕ್ಷಿಣ ಭಾರತದ ಕಾಡುಕೋಳಿಯ ಈ ಚುಕ್ಕೆಗರಿಗೆ ಸಾಟಿಯಿಲ್ಲವೆಂದು ಹತ್ತೊಂಬತ್ತನೆಯ ಶತಮಾನದ ಫ್ಲೈ ಕಟ್ಟುವವರು ಕಂಡುಕೊಂಡರು. ನಮ್ಮ ಘಟ್ಟದ ಹಕ್ಕಿಯ ಗರಿ ಹಡಗು ಹತ್ತಿತು. ಈಗ ಇಲ್ಲಿಂದ ಆ ಗರಿ ಹೊರಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಕೋಳಿಯನ್ನು ಬೇಟೆಯಾಡುವುದು ಅಪರಾಧ. ಹೊರದೇಶದವರು ತಮ್ಮಲ್ಲೇ ಸಾಕಿದ ಹುಂಜಗಳ ಗರಿ ಬಳಸುತ್ತಾರೆ.

ಗರಿ ಇಲ್ಲಿಯದು. ಆದರೆ ಟ್ರೌಟ್ ಇಲ್ಲಿಯದಲ್ಲ. ಅದು ತಣ್ಣೀರಿನ ಮೀನು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಇರುಸುಮುರುಸು, ಇನ್ನೂ ಏರಿದರೆ ಉಸಿರಾಟಕ್ಕೇ ಕುತ್ತು. ಬಿಸಿಯೇರಿದ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುವುದೇ ಕಾರಣ. ಬ್ರಿಟಿಷರು ಈ ಮೀನಿನ ಮೋಹಕ್ಕೆ ಮೊಟ್ಟೆಗಳನ್ನು ಮಂಜುಗಡ್ಡೆಯಲ್ಲಿಟ್ಟು ಸಮುದ್ರ ದಾಟಿಸಿದರು. ಕಾಶ್ಮೀರದಲ್ಲಿ 1900ರ ಹೊತ್ತಿಗೆ ಅದು ನೆಲೆ ಕಂಡಿತು. ನೀಲಗಿರಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಯತ್ನಗಳು ಕೈಗೂಡದೆ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಮಾಡಿಸುವ ಕೇಂದ್ರ ಕಟ್ಟಿದ ಮೇಲೆ ರೇನ್‌ಬೋ ಟ್ರೌಟ್ ನಿಂತಿತು. ಆ ಜಾಗ ಸಮುದ್ರಮಟ್ಟದಿಂದ 2,000 ಮೀಟರಿನ ಆಸುಪಾಸು. ದಾಂಡೇಲಿಯ ಎತ್ತರ 500 ಮೀಟರಿಗೂ ಕಡಿಮೆ. ಬೇಸಿಗೆಯ ಕಾಳಿ ನದಿಯಲ್ಲಿ ಟ್ರೌಟ್ ಒಂದು ದಿನವೂ ಬಾಳಲಾರದು.

ಹಾಗೆಂದು ಗರಿಯ ಹುಳುವಿಗೆ ಬಾಯಿ ತೆರೆಯುವ ಮೀನು ನಮ್ಮಲ್ಲಿಲ್ಲವೆಂದಲ್ಲ. ಪಕ್ಕೆಗಳ ಉದ್ದಕ್ಕೂ ನೀಲಿ ಚುಕ್ಕೆಗಳ ಸಾಲಿರುವ, ಗೇಣುದ್ದವೂ ಬೆಳೆಯದ ಒಂದು ಮೀನು ಕರಾವಳಿ-ಘಟ್ಟದ ಹೊಳೆಗಳಲ್ಲಿದೆ. ಟಿ. ಸಿ. ಜೆರ್ಡನ್ 1849ರಲ್ಲಿ ಅದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದಾಗ ಆಗಿನ ಕೆನರಾ (ಕನ್ನಡ) ಜಿಲ್ಲೆಯ ಹೆಸರನ್ನೇ ಸೇರಿಸಿ 'ಕ್ಯಾನರೆನ್ಸಿಸ್' ಎಂದ. ಕಲ್ಲುಗಳ ನಡುವೆ ಹರಿಯುವ ತಿಳಿನೀರಿನಲ್ಲಿ ಮೇಲ್ಮೈಗೆ ಬಿದ್ದ ಹುಳುವನ್ನು ಅದು ಮಿಂಚಿನಂತೆ ಕಚ್ಚುತ್ತದೆ. ಇದರ ಬಳಗದ ಮೀನುಗಳನ್ನು ಬ್ರಿಟಿಷ್ ಗಾಳಗಾರರು ಭಾರತದ ಟ್ರೌಟ್ ಎಂದೇ ಕರೆಯುತ್ತಿದ್ದರು. ದೊಡ್ಡ ಬೇಟೆಯೆಂದರೆ ಮಹಶೀರ್: ಅಂಗೈಯಗಲದ ಹುರುಪೆ, ದಪ್ಪ ತುಟಿ, ಬಾಯಂಚಿನಲ್ಲಿ ಎರಡು ಜೊತೆ ಮೀಸೆ. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ, ಬಸವನಹುಳು, ಗಟ್ಟಿ ಕಾಯಿ, ಯಾವುದಾದರೂ ಅಲ್ಲಿ ಪುಡಿಯಾಗುತ್ತದೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ 54 ಕಿಲೋ.

ಈ ಮೀನಿನ ಬದುಕನ್ನು ಇಂಗ್ಲಿಷ್ ಓದುಗರಿಗೆ ಮೊದಲು ವಿವರವಾಗಿ ಹೇಳಿದವರಲ್ಲಿ ಒಬ್ಬ ನಮ್ಮ ನೆರೆಯ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ. ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಬಂತು. ಉತ್ತರ ಕನ್ನಡ ಅದಕ್ಕೆ ಹನ್ನೊಂದು ವರ್ಷ ಮೊದಲೇ, 1862ರಲ್ಲಿ, ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿಹೋಗಿತ್ತು. ಆಡಳಿತ ಎರಡಾದರೂ ಘಟ್ಟ ಒಂದೇ, ಮಳೆ ಒಂದೇ, ಮೀನಿನ ನಡಿಗೆಯೂ ಒಂದೇ. ಥಾಮಸ್ ಗಾಳದ ಮೋಜನ್ನಷ್ಟೇ ಬರೆದವನಲ್ಲ. ಮುಂಗಾರಿನಲ್ಲಿ ಮೀನು ಹಳ್ಳ ಹತ್ತಿ ಹೋಗಿ ಮರಿ ಮಾಡುವುದು, ಆ ಮರಿಗಳು ಮಳೆ ಇಳಿದಾಗ ಸಣ್ಣ ಕಣ್ಣಿನ ಬಲೆಗೂ ಬುಟ್ಟಿಗೂ ರಾಶಿರಾಶಿಯಾಗಿ ಬೀಳುವುದು ಅವನ ದೊಡ್ಡ ಚಿಂತೆಯಾಗಿತ್ತು. ಅಂಥವರ ಒತ್ತಾಯದ ಮುಂದುವರಿಕೆಯಾಗಿ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ನೀರಿಗೆ ಸಿಡಿಮದ್ದು ಎಸೆದು, ವಿಷ ಬೆರೆಸಿ ಮೀನು ಕೊಲ್ಲುವುದು ಅಂದಿನಿಂದಲೂ ಅಪರಾಧ.

ಟ್ರೌಟ್ ಹೊಳೆಯ ಗಾಳಗಾರನಿಗೆ ವರ್ಷ ಶುರುವಾಗುವುದು ವಸಂತದಲ್ಲಿ. ಚಳಿಗಾಲ ಮೀನು ಮೊಟ್ಟೆ ಇಡುವ ಕಾಲವಾದ್ದರಿಂದ ಯುರೋಪಿನ ಅನೇಕ ನದಿಗಳಲ್ಲಿ ಆಗ ಗಾಳಕ್ಕೆ ಬಾಗಿಲು ಮುಚ್ಚಿರುತ್ತದೆ. ಕಾಳಿಯ ಪಂಚಾಂಗ ಇದಕ್ಕೆ ತಿರುವುಮುರುವು. ಇಲ್ಲಿ ಬಸಿರಿನ ಕಾಲ ಮಳೆಗಾಲ.

ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ ಕಾರವಾರದ ಸದಾಶಿವಗಡದ ಹತ್ತಿರ ಅರಬ್ಬಿ ಸಮುದ್ರ ಸೇರುವ ಕಾಳಿಯ ಉದ್ದ 184 ಕಿಲೋಮೀಟರು. ಜೂನ್ ಮೊದಲ ವಾರಗಳಲ್ಲಿ ಕ್ಯಾಸಲ್‌ರಾಕ್, ಅಣಶಿಯ ಕಡೆ ಮಳೆ ಹಿಡಿಯಿತೆಂದರೆ ಒಣಗಿದ ಹಳ್ಳಗಳು ಕೆಂಪಾಗಿ ಏಳುತ್ತವೆ. ನೆಲದೊಳಗಿನಿಂದ ರೆಕ್ಕೆ ಬಂದ ಗೆದ್ದಲು ಹೊರಟು ದೀಪದ ಸುತ್ತ, ನೀರಿನ ಮೇಲೆ ಉದುರುತ್ತದೆ. ಮೀನಿಗೆ ಅದು ಹಬ್ಬದೂಟ. ಫ್ಲೈ ಕಟ್ಟುವವನಿಗೂ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ: ಕಂದು ಮೈ, ಉದ್ದನೆಯ ನಾಲ್ಕು ರೆಕ್ಕೆ. ಅದೇ ಹೊತ್ತಿಗೆ ಹೊಳೆಯ ಮೀನುಗಳು ಹೊಸನೀರಿನ ವಾಸನೆ ಹಿಡಿದು ಹರಿವಿಗೆ ಎದುರಾಗಿ ಹಳ್ಳಗಳಿಗೆ, ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಏರುತ್ತವೆ. ಮಲೆನಾಡಿಗರು ಇದನ್ನು ಹತ್ತುಮೀನು ಎನ್ನುತ್ತಾರೆ. ಗಡಿಯಾಚೆಯ ಮರಾಠಿಗರಲ್ಲೂ ಚಢಣಿಯ ಮೀನಿನ ಮಾತಿದೆ.

ಹತ್ತುಮೀನಿನ ರಾತ್ರಿಗಳು ಮಲೆನಾಡಿನ ಬಾಲ್ಯದ ಬಹು ದೊಡ್ಡ ಸಂಭ್ರಮ. ಕಂಬಳಿಕೊಪ್ಪೆ ಹೊದ್ದು, ದೊಂದಿಯನ್ನೋ ಬ್ಯಾಟರಿಯನ್ನೋ ಹಿಡಿದು, ಕತ್ತಿ ಸಮೇತ ಗದ್ದೆಯಂಚಿಗೆ ಇಳಿಯುವವರು. ನೀರು ಧುಮುಕುವ ಕಂಡಿಗೆ ಬಿದಿರ ಕಡ್ಡಿಯ ಕೂಳಿ ಒಡ್ಡಿ ಬೆಳಗಿನವರೆಗೆ ಕಾಯುವವರು. ಒಳಗೆ ಹೋಗಲು ದಾರಿಯುಂಟು, ಹೊರಬರಲು ಒಳಮುಖದ ಕಡ್ಡಿಗಳು ಬಿಡವು, ಅದೇ ಕೂಳಿಯ ಜಾಣ್ಮೆ. ಮನೆಮಂದಿಗೆ ಒಂದು ಹೊತ್ತಿನ ಸಾರಿಗೆ ಬೇಕಾದಷ್ಟು ಮೀನು ಅದರಲ್ಲಿ ಬೀಳುತ್ತಿತ್ತು. ಜೋಯಿಡಾದ ಕುಣಬಿಗಳಿಗೆ, ಹಳಿಯಾಳ-ಮುಂಡಗೋಡದ ಸಿದ್ದಿಗಳಿಗೆ ಹಳ್ಳದ ಮೀನು, ಏಡಿ ಮಳೆಗಾಲದ ಅಡುಗೆಯ ಭಾಗವೇ ಹೊರತು ಮೋಜಲ್ಲ. ಊಟಕ್ಕೆ ಕೂಳಿ ಒಡ್ಡುವ ಕೈಯನ್ನೂ ಇಡೀ ಮಡುವಿಗೆ ಬ್ಲೀಚಿಂಗ್ ಪುಡಿ ಸುರಿಯುವ ಕೈಯನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮೊದಲನೆಯದು ಹಳ್ಳದ ಪಾಲು ಕೇಳುತ್ತದೆ, ಎರಡನೆಯದು ಹಳ್ಳವನ್ನೇ ಮುಗಿಸುತ್ತದೆ.

ಆದರೂ ಈ ಹತ್ತುಮೀನಿನಲ್ಲಿ ಹೆಚ್ಚಿನವು ತತ್ತಿ ತುಂಬಿದ ಹೆಣ್ಣುಗಳು ಎಂಬುದನ್ನು ಮರೆಯುವಂತಿಲ್ಲ. ಮಹಶೀರ್ ಕೂಡ ಮಳೆನೀರಿನೊಂದಿಗೆ ಮೇಲೇರಿ, ಜಲ್ಲಿಕಲ್ಲಿನ ಮೇಲೆ ತಿಳಿಯಾಗಿ ಹರಿಯುವ ಜಾಗ ಹುಡುಕಿ ಹಳದಿ ಮೊಟ್ಟೆ ಇಡುತ್ತದೆ. ಮೂರ್ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಮರಿ ಈಜುವಷ್ಟಾಗುವ ತನಕ ಜಲ್ಲಿಯ ಸಂದಿನಲ್ಲೇ ಅದರ ವಾಸ. ಆ ಜಲ್ಲಿಯನ್ನು ಲಾರಿಗೆ ತುಂಬಿದರೆ, ಗುಡ್ಡ ಕಡಿದ ಮಣ್ಣು ಬಂದು ಅದರ ಮೇಲೆ ಕೂತರೆ, ಬಲೆ ಬೀಸದೆಯೂ ಮೀನಿನ ಒಂದು ತಲೆಮಾರು ಹೋದಂತೆ.

ಏರುವ ದಾರಿಯೂ ಈಗ ಮೊದಲಿನಂತಿಲ್ಲ. 1987ರಲ್ಲಿ ಗಣೇಶಗುಡಿಯಲ್ಲಿ ಮುಗಿದ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರು. ಪಾಂಡರಿ ಬಂದು ಕಾಳಿಯನ್ನು ಕೂಡುತ್ತಿದ್ದಲ್ಲಿದ್ದ ಸೂಪಾ ಊರೇ ನೀರಿನಡಿಯಾಯಿತು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು, ಎಷ್ಟೋ ಕುಟುಂಬಗಳು ರಾಮನಗರಕ್ಕೆ ಹೋದವು. ಕಟ್ಟಿದ್ದು ನಾಡಿನ ದೀಪಕ್ಕಾಗಿ, ಅದರ ಋಣ ಎಲ್ಲರ ಮೇಲಿದೆ. ಆದರೆ ಅಷ್ಟೆತ್ತರದ ಗೋಡೆಯನ್ನು ಯಾವ ಮೀನೂ ಏರಲಾರದು. ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ, ಉಪಹೊಳೆಯ ಮೇಲೆ ತಟ್ಟಿಹಳ್ಳ, ಹೀಗೆ ಒಂದರ ಹಿಂದೊಂದು ಕಟ್ಟೆಗಳು. ನದಿ ತುಂಡುತುಂಡಾದ ಮೇಲೆ ಪ್ರತಿ ತುಂಡಿನ ಮೀನಿಗೂ ತನ್ನ ಪಾಲಿಗೆ ಬಂದ ಪಕ್ಕದ ಹಳ್ಳಗಳೇ ತವರುಮನೆ. ಹಾಗಾಗಿಯೇ ಹೆಸರಿಲ್ಲದ ಸಣ್ಣ ಹಳ್ಳಗಳಿಗೆ ಇಂದು ಹಿಂದೆಂದಿಗಿಂತ ಹೆಚ್ಚು ಬೆಲೆ.

ಅಕ್ಟೋಬರ್ ದಾಟಿದರೆ ನೀರು ತಿಳಿಯಾಗುತ್ತದೆ. ದಾಂಡೇಲಿಯ ಕೆಳಗಿನ ಮಡುಗಳಲ್ಲಿ ಬೆಳಗಿನ ಮಂಜು ಏಳುವ ಹೊತ್ತು ಗಾಳದ ಕೋಲಿಗೆ ಅತ್ಯುತ್ತಮ ಕಾಲ. ಅದೇ ಹೊತ್ತಿಗೆ ಮೊಸಳೆಗಳೂ ಬಂಡೆಯೇರಿ ಬಿಸಿಲು ಕಾಯುತ್ತವೆ. ಕಾಳಿಯ ಈ ಭಾಗ ಮೊಸಳೆಗಳ ನೆಲೆ, ಅವುಗಳನ್ನು ನೋಡಲೆಂದೇ ಪ್ರವಾಸಿಗರು ಬರುತ್ತಾರೆ. ದಡದಲ್ಲಿ ಮೀನು ಹಿಡಿಯುತ್ತ ಕೂತವರನ್ನು ಮೊಸಳೆ ಎಳೆದೊಯ್ದ ದುಃಖವನ್ನೂ ದಾಂಡೇಲಿ ಉಂಡಿದೆ. ಟ್ರೌಟ್ ಹೊಳೆಯಲ್ಲಿ ಸೊಂಟಮಟ್ಟ ನೀರಿಗಿಳಿದು ಗಾಳ ಬೀಸುವ ಪದ್ಧತಿ ಇಲ್ಲಿ ಸಲ್ಲದು. ಇಲ್ಲಿಯ ಗಾಳಗಾರ ನೀರಿನಿಂದ ಹಿಂದೆ, ಎತ್ತರದ ಬಂಡೆಯ ಮೇಲೆ ನಿಲ್ಲಬೇಕು, ಮೀನು ತೊಳೆಯಲು ದಡಕ್ಕೆ ಬಗ್ಗಬಾರದು.

ಫ್ಲೈ ಬೀಸುವುದು ಕೈಬಲದ ಕೆಲಸವಲ್ಲ. ಎರೆಹುಳದ ಗಾಳದಲ್ಲಿ ತುದಿಯ ತೂಕ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ಗರಿಯ ಹುಳುವಿಗೆ ತೂಕವೇ ಇಲ್ಲ, ದಾರಕ್ಕೇ ತೂಕ. ಕೋಲನ್ನು ಹಿಂದಕ್ಕೆ ಎತ್ತಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ತಡೆದು, ಆಮೇಲೆ ಮುಂದಕ್ಕೆ ಬಿಟ್ಟರೆ ಅದು ಗಾಳಿಯಲ್ಲಿ ಉರುಳುತ್ತ ಹೋಗಿ ಹುಳುವನ್ನು ಮೆಲ್ಲನೆ ನೀರಿನ ಮೇಲಿಡುತ್ತದೆ. ಬೆನ್ನ ಹಿಂದೆ ಹೊನ್ನೆ, ಮತ್ತಿ, ಬಿದಿರು ಒತ್ತಿಕೊಂಡಿರುವ ಜೋಯಿಡಾದ ಹಳ್ಳದಂಡೆಯಲ್ಲಿ ಇದಕ್ಕೆ ಜಾಗ ಸಿಗದು. ಅಲ್ಲಿ ಹುಡುಗರು ಬಿದಿರ ಕೋಲಿಗೆ ಮೊಳದುದ್ದದ ದಾರ ಕಟ್ಟಿ, ಮಿಡತೆ ಚುಚ್ಚಿ, ಸೆಳವಿನ ಮೇಲೆ ಕುಣಿಸುತ್ತಾರೆ. ಜಪಾನಿನ ಗುಡ್ಡಗಾಡಿನ ಹಳ್ಳಗಳಲ್ಲಿ ರೀಲಿಲ್ಲದ ಕೋಲಿಗೆ ಗರಿಹುಳು ಕಟ್ಟಿ ಹಿಡಿಯುವ 'ಟೆಂಕಾರಾ' ಪದ್ಧತಿ ಇದಕ್ಕೆ ತೀರ ಹತ್ತಿರದ ನೆಂಟ.

ಕನ್ನಡದಲ್ಲಿ ಗಾಳದ ಮಾತು ಬಂದರೆ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆಯದೆ ಮುಂದೆ ಹೋಗಲಾಗದು. ಮೂಡಿಗೆರೆಯ ಸುತ್ತಲಿನ ಹೊಳೆಗಳ ದಂಡೆಯಲ್ಲಿ ಗಂಟೆಗಟ್ಟಲೆ ಗಾಳ ಹಾಕಿ ಕೂರುತ್ತಿದ್ದ ಅವರಿಂದಲೇ ಒಂದು ತಲೆಮಾರಿನ ಓದುಗರು ಹೊಳೆಯನ್ನು ನೋಡುವುದನ್ನು ಕಲಿತರು.

ಬೇಸಿಗೆಯಲ್ಲಿ ಹಳ್ಳಗಳು ಬತ್ತಿ ಮೀನೆಲ್ಲ ಆಳದ ಮಡುಗಳಿಗೆ ಸೇರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ದಂಡೆಯ ಅತ್ತಿ, ಗೋಳಿ ಮರಗಳು ಹಣ್ಣಾದರೆ ಮಂಗಟ್ಟೆಹಕ್ಕಿಗಳು ಬಂದು ಇಳಿಯುತ್ತವೆ. ದಾಂಡೇಲಿಯಲ್ಲಿ ಅವುಗಳಿಗಾಗಿಯೇ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಮೇಲೆ ಹಕ್ಕಿ ತಿಂದು ಉದುರಿಸಿದ್ದು ಕೆಳಗೆ ಮಹಶೀರಿಗೆ ಊಟ. ನದಿದಂಡೆಯ ಒಂದು ಅತ್ತಿಮರ ಕಡಿದರೆ ಹಕ್ಕಿಗೂ ಮೀನಿಗೂ ಒಟ್ಟಿಗೇ ಎಲೆ ತೆಗೆದಂತಾಗುತ್ತದೆ.

ಈ ಮೂರು ಋತುಗಳ ಮೇಲೆ ಸೂಪಾ ವಿದ್ಯುದಾಗಾರ ನಾಲ್ಕನೆಯದೊಂದನ್ನು ಕೂಡಿಸಿದೆ. ಅದಕ್ಕೆ ತಿಂಗಳುಗಳಿಲ್ಲ, ಗಂಟೆಗಳಿವೆ. ಟರ್ಬೈನು ತಿರುಗಿದಾಗ ಏಪ್ರಿಲ್‌ನಲ್ಲೂ ಗಣೇಶಗುಡಿಯ ಕೆಳಗೆ ಹೊಳೆ ತುಂಬಿ ನೊರೆಗರೆಯುತ್ತದೆ. ದಾಂಡೇಲಿಯ ರಾಫ್ಟಿಂಗ್ ನಡೆಯುವುದು ಆ ನೀರಿನ ಮೇಲೆಯೇ. ನಿಂತಾಗ ಬಂಡೆಗಳು ಮೇಲೇಳುತ್ತವೆ, ಕಲ್ಲಿನ ಸಂದಿನಲ್ಲಿ ಮರಿಮೀನು ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಅರ್ಕನ್ಸಾದಲ್ಲಿ 1951ರಲ್ಲಿ ಬುಲ್ ಶೋಲ್ಸ್ ಅಣೆಕಟ್ಟು ಬಂದ ಮೇಲೆ ತಳದಿಂದ ಹೊರಬರುವ ತಣ್ಣೀರಿಗೆ ವೈಟ್ ನದಿಯ ಮೂಲಮೀನುಗಳು ಹಿಂದೆ ಸರಿದು, ಬಿತ್ತಿದ ಟ್ರೌಟ್ ಮುಂದೆ ಬಂತು. ಅಲ್ಲಿಯ ಗಾಳಗಾರರು ಈಗಲೂ ಕೋಲು ಹಿಡಿಯುವ ಮೊದಲು ನೀರು ಬಿಡುವ ವೇಳಾಪಟ್ಟಿ ನೋಡುತ್ತಾರೆ. ನೀರು ಬಿಡುವಾಗ ಏಕಾಏಕಿ ಏರಿಸಿ ಇಳಿಸದೆ ಹಂತಹಂತವಾಗಿ ಬಿಟ್ಟರೆ ಮರಿಗಳಿಗೆ ಆಳಕ್ಕೆ ಸರಿಯಲು ಸಮಯ ಸಿಗುತ್ತದೆ. ಕಾಳಿಗೂ ಆ ಎಚ್ಚರ ಸಲ್ಲಬೇಕು.

ಮುಂಡಗೋಡದ ನೀರಿನ ಕತೆಯೇ ಬೇರೆ. ಘಟ್ಟದ ಈ ಸೆರಗಿನಲ್ಲಿ ಮಳೆ ತೆಳ್ಳಗಾಗುತ್ತದೆ. ಮಳಗಿಯ ಬಳಿ ಕಟ್ಟೆ ಕಟ್ಟಿದ ಧರ್ಮಾ ನದಿ ಮೂಡಣಕ್ಕೆ ಹರಿದು ವರದೆಯನ್ನು, ವರದೆ ತುಂಗಭದ್ರೆಯನ್ನು ಕೂಡಿ, ಕೊನೆಗೆ ಬಂಗಾಳ ಕೊಲ್ಲಿ ಸೇರುತ್ತದೆ. ಜೋಯಿಡಾದ ಮಳೆಹನಿ ಪಡುವಣ ಕಡಲಿಗೆ, ಮುಂಡಗೋಡದ ಮಳೆಹನಿ ಮೂಡಣ ಕಡಲಿಗೆ. ಇಲ್ಲೂ ಹಳಿಯಾಳದ ಬಯಲಿನಲ್ಲೂ ಮೀನೆಂದರೆ ಕೆರೆಯ ಮೀನು: ಬಿತ್ತನೆ ಮಾಡಿದ ಕಾಟ್ಲಾ, ರೋಹು, ಮೃಗಾಲ್. ಕೆರೆ ಗುತ್ತಿಗೆ ಹಿಡಿದವರು ಮಳೆಗಾಲದಲ್ಲಿ ಮರಿ ಬಿಟ್ಟು ಬೇಸಿಗೆಯಲ್ಲಿ ಬಲೆ ಎಳೆಯುತ್ತಾರೆ. ಅತ್ತಿವೇರಿ ಜಲಾಶಯದ ಪಕ್ಷಿಧಾಮದಲ್ಲಿ ಚಮಚಕೊಕ್ಕು, ನೀರುಕಾಗೆ, ಮಿಂಚುಳ್ಳಿಗಳೇ ನಿಜವಾದ ಮೀನುಗಾರರು. ಅಲ್ಲಿ ಗಾಳ ಹಾಕುವಂತಿಲ್ಲ. 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆಯುವ ಕಾಡಿನೊಳಗಿನ ಹೊಳೆಗೂ ಅದೇ ನಿಯಮ.

ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರಲ್ಲಿ, ಕೊಲ್ಲಲೆಂದು ಇಟ್ಟ ಜೀವವನ್ನು ಕೊಂಡು ಬಿಟ್ಟುಬಿಡುವುದು ಹಳೆಯ ಪುಣ್ಯಕಾರ್ಯ. ಹಿಡಿದು ಮರಳಿ ಬಿಡುವ ಇಂದಿನ ಗಾಳಗಾರರ ಪದ್ಧತಿ ಬೇರೆ ಕಡೆಯಿಂದ ಬಂದದ್ದಾದರೂ ಕೈ ಮಾಡುವ ಕೆಲಸ ಅದೇ. ಮಾಡಿದರೆ ಸರಿಯಾಗಿ ಮಾಡಬೇಕು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿರಬೇಕು, ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಮೈಮೇಲಿನ ಲೋಳೆ ಕಿತ್ತರೆ ಬೂಷ್ಟು ಹಿಡಿಯುತ್ತದೆ. ಚಿತ್ರ ತೆಗೆಯಲೆಂದು ಕಿವಿರಿಗೆ ಬೆರಳು ಹಾಕಿ ಎತ್ತಿ ಹಿಡಿದ ಮೀನು ಈಜಿ ಹೋದರೂ ಉಳಿಯುವುದು ಖಚಿತವಿಲ್ಲ. ನೀರಿನಲ್ಲೇ ಎರಡೂ ಕೈಯಿಂದ ಆನಿಸಿ, ತಲೆ ಹರಿವಿಗೆ ಎದುರು ಮಾಡಿ, ತಾನಾಗಿ ಹೊರಡುವ ತನಕ ಕಾಯಬೇಕು. ಮೊಸಳೆ ಇರುವ ಕಡೆ ಇಷ್ಟಕ್ಕೂ ಅವಕಾಶವಿಲ್ಲ. ಅಲ್ಲಿ ಹಿಡಿದು ಬಿಡಲೆಂದು ಗಾಳ ಹಾಕದಿರುವುದು ಮೀನಿಗೂ ಮನುಷ್ಯನಿಗೂ ಒಳ್ಳೆಯದು.

ಮೀನು ಉಳಿಸುವ ಮಾತು ನಮ್ಮ ನಾಡಿಗೆ ಹೊಸದಲ್ಲ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಜನ ಕಾಪಾಡಿಕೊಂಡು ಬಂದದ್ದರಲ್ಲಿ ಮಹಶೀರೂ ಇವೆ. 1996ರಲ್ಲಿ ಕಿಡಿಗೇಡಿಗಳು ಶಿಶಿಲದ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅವಕ್ಕೆ ಸ್ಮಾರಕ ಕಟ್ಟಿದರು. ಕಾಳಿಯ ಹಳ್ಳಗಳಿಗೆ ಅಂಥ ಗುಡಿಯ ಕಾವಲಿಲ್ಲ. ಊರೇ ಕಾವಲಾಗಬೇಕು.

ಕರ್ನಾಟಕದ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವುದಿಲ್ಲ. ಅದು ಮೀನು ಮರಿ ಮಾಡುವ ಕಾಲವೆಂದು ಕಾರವಾರದ ಬಂದರಿನಲ್ಲಿ ದೋಣಿಗಳು ಸಾಲಾಗಿ ಲಂಗರು ಹಾಕಿ ನಿಲ್ಲುತ್ತವೆ. ಅದೇ ಕಾರವಾರಕ್ಕೆ ನೀರು ಕಳಿಸುವ ಜೋಯಿಡಾ, ದಾಂಡೇಲಿ, ಹಳಿಯಾಳದ ಹಳ್ಳಗಳಲ್ಲೂ ಆ ಎರಡು ತಿಂಗಳು ಹಳ್ಳದ ಬಾಯಿಗೆ ಅಡ್ಡಬಲೆ ಕಟ್ಟುವುದಿಲ್ಲ, ಮದ್ದು ಹಾಕುವುದಿಲ್ಲ, ಗಾಳಕ್ಕೆ ಬಿದ್ದ ಬಸಿರಿ ಮೀನನ್ನು ಮನೆಗೆ ಒಯ್ಯುವುದಿಲ್ಲ ಎಂದು ಗ್ರಾಮಸಭೆಗಳು ಠರಾವು ಮಾಡಬಹುದು. ಅದಕ್ಕೆ ಹಣ ಬೇಡ, ಕಟ್ಟಡ ಬೇಡ. ಜೂನಿನ ಮೊದಲ ಮಳೆಯಲ್ಲಿ ಕೋಲು ಹಿಡಿದು ಓಡುವ ಹುಡುಗನಿಗೆ ದಂಡೆಯ ಮೇಲೆ ನಿಂತ ಹಿರಿಯರು "ತತ್ತಿ ಮೀನು ಐತಿ, ಬಿಡೋ ತಮ್ಮಾ, ದೀಪಾವಳಿ ಆದ ಮ್ಯಾಲೆ ಬಾ" ಎಂದು ಹೇಳುವಂತಾದರೆ ಠರಾವಿನ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ. ಉಳಿದರ್ಧಕ್ಕೆ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳು ಮಳೆಗಾಲದಲ್ಲಿ ಜಲಾಶಯದ ದಂಡೆಯಲ್ಲಷ್ಟೇ ನಿಲ್ಲದೆ ಹಳ್ಳದ ಬಾಯಿಗಳಿಗೂ ಬರಬೇಕು.